ಹೊಸ ಪಿಕಪ್‌ಗೆ ಯಾವ ಎಂಜಿನ್ ಆಯಿಲ್? ಟೀ ಅಂಗಡಿಯಲ್ಲಿ ಕೇಳಬೇಡಿ, ಪುಸ್ತಕ ತೆಗೆಯಿರಿ

ಕೋಲಾರದ ಎಪಿಎಂಸಿ ಟೊಮ್ಯಾಟೊ ಮಂಡಿ ಹತ್ತಿರ ಟೀ ಕುಡಿಯುತ್ತಾ "ಹೊಸ ಪಿಕಪ್ ತಗೊಂಡಿದ್ದೀನಿ, ಯಾವ ಆಯಿಲ್ ಹಾಕಲಿ?" ಅಂತ ಕೇಳಿ ನೋಡಿ. ನಾಲ್ಕು ಜನ ಡ್ರೈವರ್‌ಗಳಿದ್ದರೆ ಐದು ಉತ್ತರ ಸಿಗುತ್ತದೆ. "ಲೋಡ್ ಗಾಡಿ, ದಪ್ಪ ಆಯಿಲ್ ಹಾಕು" ಅನ್ನುತ್ತಾರೆ ಒಬ್ಬರು. "ಸಿಂಥೆಟಿಕ್ ಹಾಕಿಬಿಡು, ಎರಡು ವರ್ಷ ಮುಟ್ಟಬೇಡ" ಅನ್ನುತ್ತಾರೆ ಇನ್ನೊಬ್ಬರು. "ನಮ್ಮದಕ್ಕೆ ಬ್ಯಾರೆಲ್ ಆಯಿಲೇ, ಏಳು ವರ್ಷದಿಂದ ಏನೂ ಆಗಿಲ್ಲ" ಅಂತ ಮೂರನೆಯವರು. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಗಾಡಿಗೆ ಅದು ಸರಿ ಹೋಗಿರುತ್ತದೆ. ನಿಮ್ಮ ಗಾಡಿ ಅವರದಲ್ಲ, ಅಷ್ಟೇ.

ನಾನು ಇದನ್ನು ದುಡ್ಡು ಕೊಟ್ಟು ಕಲಿತವನು. 2023ರ ಜುಲೈ ನೆನಪಿದೆಯಲ್ವಾ? 15 ಕೆಜಿ ಟೊಮ್ಯಾಟೊ ಬಾಕ್ಸ್ 2,000 ರೂಪಾಯಿ ದಾಟಿದ ತಿಂಗಳು. ಆ ಸೀಸನ್ನಿನ ದುಡ್ಡಲ್ಲಿ ಹಳೇ ಬಿಎಸ್3 (ಭಾರತ್ ಸ್ಟೇಜ್ ಅನ್ನುವ ಸರ್ಕಾರಿ ಹೊಗೆ ನಿಯಮದ ಮೂರನೇ ಹಂತ) ಪಿಕಪ್ ಮಾರಿ ಹೊಸದು ತಂದೆ. ಮೊದಲ ಸರ್ವೀಸ್ ಶೋರೂಮಿನಲ್ಲೇ ಆಯಿತು. ಆಮೇಲೆ ಕೊಯ್ಲಿನ ಗಡಿಬಿಡಿ, ಶೋರೂಮಿನಲ್ಲಿ ಇಡೀ ದಿನ ಗಾಡಿ ಬಿಡಲು ಮನಸ್ಸಿಲ್ಲ. ಪರಿಚಯದ ಗ್ಯಾರೇಜಿಗೆ ಬಿಟ್ಟೆ. ಅವರು ನನ್ನ ಹಳೇ ಗಾಡಿಗೆ ಹಾಕುತ್ತಿದ್ದ ಆಯಿಲನ್ನೇ ಇದಕ್ಕೂ ಹಾಕಿದರು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೀಗೆ ಎರಡು ಮೂರು ಸರ್ವೀಸ್ ಕಳೆಯಿತು.

ಒಂದೂವರೆ ವರ್ಷ ಆದ ಮೇಲೆ ಒಂದು ರಾತ್ರಿ ನೂರು ಬಾಕ್ಸ್ ಹೇರಿಕೊಂಡು ಚೆನ್ನೈನ ಕೊಯಂಬೇಡು ಮಾರ್ಕೆಟಿಗೆ ಹೊರಟಿದ್ದೆ. ಮುಳಬಾಗಿಲು ದಾಟಿ ನಂಗಲಿ ಹತ್ತಿರ ಬಂದಾಗ ಮೀಟರಿನಲ್ಲಿ ಹಳದಿ ದೀಪ. ಸ್ವಲ್ಪ ಹೊತ್ತಿಗೆ ಎಳೆತವೇ ಹೋಯಿತು. ಮೂರನೇ ಗೇರಿನಲ್ಲಿ ಎತ್ತಿನಗಾಡಿ ಹೋದ ಹಾಗೆ ಹೋಯಿತು ಗಾಡಿ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಜರಡಿ, ಕಟ್ಟಿಕೊಂಡಿತ್ತು. ತಪ್ಪೆಲ್ಲಾ ಆಯಿಲಿನದೇ ಅಂತ ಹೇಳುವುದಿಲ್ಲ. ನನ್ನ ಓಡಿಸುವ ರೀತಿಯದೂ ಪಾಲಿತ್ತು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಬೇರೆ ಆಯಿಲ್ ಹಾಕಿದ್ದರಿಂದ ವಾರಂಟಿ ಮಾತು ಎತ್ತುವ ಹಾಗೂ ಇರಲಿಲ್ಲ.

ಅವತ್ತಿನಿಂದ ಓದಿ, ಕೇಳಿ, ಕೈ ಮಸಿ ಮಾಡಿಕೊಂಡು ತಿಳಿದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಮುಖ್ಯವಾಗಿ ತಿಳಿದದ್ದು ಒಂದೇ: ಆಯಿಲ್ ಆರಿಸುವ ಕೆಲಸವನ್ನು ಎಂಜಿನ್ ಮಾಡಿದವರು ಆಗಲೇ ಮುಗಿಸಿದ್ದಾರೆ. ನಮಗೆ ಉಳಿದಿರುವುದು ಅವರು ಬರೆದದ್ದನ್ನು ಓದಿ, ಡಬ್ಬದ ಮೇಲೆ ಅದೇ ಅಕ್ಷರ ಇದೆಯಾ ಅಂತ ನೋಡುವ ಕೆಲಸ.

ಹೆಜ್ಜೆ 1: ಗಾಡಿ ಜೊತೆ ಬಂದ ಪುಸ್ತಕ ತೆಗೆಯಿರಿ

ಹೊಸ ಗಾಡಿಗೆ ನಿಂಬೆಹಣ್ಣು ಇಟ್ಟು, ಹಾರ ಹಾಕಿ, ಕುಂಕುಮ ಇಡುತ್ತೇವೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿರುವ ಪುಸ್ತಕದ ಪ್ಲಾಸ್ಟಿಕ್ ಕವರ್ ಮಾತ್ರ ಹರಿಯುವುದಿಲ್ಲ. ಇವತ್ತು ಹರಿಯಿರಿ. ಕೊನೆಯ ಪುಟಗಳ ಕಡೆ ಆಯಿಲ್, ಗ್ರೀಸ್, ಕೂಲೆಂಟ್ ಎಲ್ಲಾ ಇರುವ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಎಂಜಿನ್ ಆಯಿಲ್ ಸಾಲಿನಲ್ಲಿ ನಾಲ್ಕು ವಿಷಯ ಹುಡುಕಿ.

ಎಸ್‌ಎಇ ಅಂತ ಬರೆದು ಪಕ್ಕದಲ್ಲಿರುವ, ಆಯಿಲಿನ ದಪ್ಪ ಹೇಳುವ ಅಂಕಿ, ಅಂದರೆ 5ಡಬ್ಲ್ಯು-30, 15ಡಬ್ಲ್ಯು-40 ಇಂಥದ್ದು. ಎಪಿಐ ಅಥವಾ ಎಸಿಇಎ ಅಂತ ಬರೆದು ಪಕ್ಕದಲ್ಲಿರುವ ಗುಣಮಟ್ಟದ ದರ್ಜೆ. ಕೆಲವು ಕಂಪನಿಗಳು ಇದರ ಜೊತೆ ತಮ್ಮದೇ ಒಂದು ನಂಬರ್ ಕೊಟ್ಟಿರುತ್ತವೆ, ಅದನ್ನೂ ಬರೆದುಕೊಳ್ಳಿ. ಮೂರನೆಯದು ಫಿಲ್ಟರ್ ಸೇರಿಸಿ ಎಷ್ಟು ಲೀಟರ್. ನಾಲ್ಕನೆಯದು ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಬದಲಾಯಿಸಬೇಕು ಅನ್ನುವುದು. ಆ ಪುಟವನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಅಂಗಡಿ ಮುಂದೆ ನಿಂತಾಗ ಪುಸ್ತಕ ಇರುವುದಿಲ್ಲ, ಮೊಬೈಲ್ ಇರುತ್ತದೆ.

ಒಂದು ಎಚ್ಚರ. ಒಂದೇ ಹೆಸರಿನ ಪಿಕಪ್‌ನಲ್ಲಿ ಡೀಸೆಲ್, ಸಿಎನ್‌ಜಿ ಎರಡೂ ಬರುತ್ತವೆ. ಬಿಎಸ್4 ಕಾಲದ್ದೂ ಬಿಎಸ್6 ಕಾಲದ್ದೂ ಹೊರಗಿನಿಂದ ನೋಡಲು ಹೆಚ್ಚು ಕಮ್ಮಿ ಒಂದೇ ಥರ. ಪಕ್ಕದ ಮನೆಯವರ ಬಳಿ ಅದೇ ಗಾಡಿ ಇದೆ ಅಂತ ಅವರ ಆಯಿಲನ್ನೇ ತರಬೇಡಿ. ಪುಸ್ತಕ ಕಳೆದುಹೋಗಿದ್ದರೆ ಚಾಸಿಸ್ ನಂಬರ್ ಕೊಟ್ಟು ಸರ್ವೀಸ್ ಸೆಂಟರಿನಲ್ಲಿ ಕೇಳಿ, ಬರೆಸಿಕೊಂಡು ಬನ್ನಿ.

ಹೆಜ್ಜೆ 2: ಗಾಡಿ ಬಿಎಸ್6 ಡೀಸೆಲ್ಲಾ? ಹಾಗಾದರೆ ಬೂದಿಯ ಕಥೆ ಗೊತ್ತಿರಲಿ

ಇದು ಇಡೀ ಲೇಖನದಲ್ಲಿ ಮುಖ್ಯ ಭಾಗ. ಟೀ ಕೆಳಗಿಟ್ಟು ಓದಿ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಬಂತು. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ. ಹಾಗಾಗಿ ಈಗ ಶೋರೂಮಿನಿಂದ ಬರುವ ಗಾಡಿ ಯಾವುದಾದರೂ ಬಿಎಸ್6 ಗಾಡಿಯೇ. ಅಂಥ ಡೀಸೆಲ್ ಪಿಕಪ್‌ನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಜರಡಿ ಇರುತ್ತದೆ. ಹಳೇ ಗಾಡಿ ಹಿಂದಿನಿಂದ ಕಪ್ಪು ಹೊಗೆ ಉಗುಳುತ್ತಿತ್ತಲ್ವಾ, ಆ ಮಸಿಯನ್ನು ಈ ಜರಡಿ ಹಿಡಿದಿಟ್ಟುಕೊಳ್ಳುತ್ತದೆ. ತುಂಬುತ್ತಾ ಬಂದಾಗ ಎಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಜರಡಿಯನ್ನು 600 ಡಿಗ್ರಿ ಆಸುಪಾಸು ಕಾಯಿಸಿ, ಮಸಿಯನ್ನು ಸುಟ್ಟುಬಿಡುತ್ತದೆ. ಇದಕ್ಕೆ ರೀಜನರೇಶನ್ ಅನ್ನುತ್ತಾರೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ "ರೀಜನ್".

ಮಸಿ ಸುಡುತ್ತದೆ. ಬೂದಿ ಸುಡುವುದಿಲ್ಲ. ಒಲೆಯಲ್ಲಿ ಸೌದೆ ಉರಿದ ಮೇಲೆ ಉಳಿದ ಬೂದಿಯನ್ನು ಇನ್ನೊಂದು ಸಲ ಉರಿಸಲು ಆಗುತ್ತಾ? ಇಲ್ಲೂ ಹಾಗೇ. ಆ ಬೂದಿ ಬರುವುದು ಮುಖ್ಯವಾಗಿ ಎಂಜಿನ್ ಆಯಿಲಿನಿಂದ. ಆಯಿಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಇರುವ ಮದ್ದು ಬೆರೆಸಿರುತ್ತಾರೆ. ಸಿಲಿಂಡರಿನೊಳಗೆ ಒಂದೊಂದು ಹನಿ ಆಯಿಲ್ ಸುಟ್ಟಾಗಲೂ ಆ ಲೋಹಗಳು ಬೂದಿಯಾಗಿ ಹೋಗಿ ಜರಡಿಯಲ್ಲಿ ಕೂರುತ್ತವೆ. ರೀಜನ್ ಎಷ್ಟು ಸಲ ಆದರೂ ಅವು ಜಾಗ ಬಿಡುವುದಿಲ್ಲ.

ಹಾಗಾದರೆ ಹಳೇ ಆಯಿಲಿನಲ್ಲಿ ಅಷ್ಟೊಂದು ಮದ್ದು ಯಾಕೆ ಹಾಕುತ್ತಿದ್ದರು? ಕಾರಣ ಡೀಸೆಲ್ಲು. ಬಿಎಸ್3 ಕಾಲದ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಪಾಲಿನವರೆಗೂ ಇರಬಹುದಿತ್ತು. ಗಂಧಕ ಉರಿದರೆ ಆಮ್ಲ. ಆಮ್ಲವನ್ನು ಕೊಲ್ಲಲು ಆಯಿಲಿನಲ್ಲಿ ಸುಣ್ಣದ ಜಾತಿಯ ಮದ್ದು ಬೇಕಿತ್ತು. ಬಿಎಸ್4ಕ್ಕೆ ಅದು 50ಕ್ಕೆ ಇಳಿಯಿತು, ಬಿಎಸ್6ಕ್ಕೆ 10ಕ್ಕೆ. ಡೀಸೆಲ್ ಶುದ್ಧವಾಯಿತು, ಅಷ್ಟು ಮದ್ದು ಬೇಡವಾಯಿತು. ಬಂಕಿನಲ್ಲಿ ಡೀಸೆಲ್ ಬದಲಾಗಿ ವರ್ಷಗಳಾದವು. ನಮ್ಮ ಗ್ಯಾರೇಜುಗಳ ಮೂಲೆಯಲ್ಲಿರುವ ಬ್ಯಾರೆಲ್ ಮಾತ್ರ ಬದಲಾಗಲಿಲ್ಲ.

ಆದ್ದರಿಂದ ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿಯ ಆಯಿಲೇ ಬೇಕು. ಡಬ್ಬದ ಮೇಲೆ ಲೋ-ಸ್ಯಾಪ್ಸ್, ಮಿಡ್-ಸ್ಯಾಪ್ಸ್ ಅಥವಾ ಲೋ ಆ್ಯಶ್ ಅಂತ ಬರೆದಿರುತ್ತಾರೆ. ಆದರೆ ಆ ಮಾತಿಗಿಂತ ಮುಂದಿನ ಹೆಜ್ಜೆಯ ಅಕ್ಷರಗಳನ್ನು ನಂಬಿ.

ಹೆಜ್ಜೆ 3: ದರ್ಜೆಯ ಅಕ್ಷರಗಳು

ಎಪಿಐ ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. ಅವರ ಲೆಕ್ಕದಲ್ಲಿ "ಸಿ"ಯಿಂದ ಶುರುವಾದರೆ ಡೀಸೆಲ್, "ಎಸ್"ನಿಂದ ಶುರುವಾದರೆ ಪೆಟ್ರೋಲ್. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಸಿಎಚ್-4 ಬಂದದ್ದು 1998ರಲ್ಲಿ, ಸಿಐ-4 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರ ಕೊನೆಗೆ. ಸಿಜೆ-4ರಿಂದ ಈಚೆಗೆ ಬೂದಿಗೆ ಮಿತಿ ಇದೆ, ನೂರಕ್ಕೆ 1 ಪಾಲು. ಸಿಐ-4ರಲ್ಲಿ ಅಂಥ ಮಿತಿ ಇರಲಿಲ್ಲ. ನನ್ನ ಗಾಡಿಗೆ ಬಿದ್ದದ್ದು ಆ ಸಿಐ-4.

ಸಿಕೆ-4 ಆಯಿಲನ್ನು ಸಿಜೆ-4, ಸಿಐ-4 ಕೇಳುವ ಗಾಡಿಗೂ ಹಾಕಬಹುದು, ಅಂಕಿ ಹೊಂದಿಕೆಯಾದರೆ. ಹಿಂದೆ ಹೋಗುವುದು ಮಾತ್ರ ತಪ್ಪು. ಎಫ್ಎ-4 ಅಂತ ಇನ್ನೊಂದಿದೆ. ಅದು ಬೇರೆಯೇ ಜಾತಿ, ತೀರಾ ತೆಳು. ಪುಸ್ತಕದಲ್ಲಿ ಅದೇ ಹೆಸರು ಇಲ್ಲದಿದ್ದರೆ ಮುಟ್ಟಬೇಡಿ.

ಎಸಿಇಎ ಯುರೋಪಿನವರ ಪದ್ಧತಿ. ಡಿಪಿಎಫ್ ಇರುವ ಸಣ್ಣ ಡೀಸೆಲ್ ಎಂಜಿನ್‌ಗಳಿಗೆ ಸಿ2, ಸಿ3 ಅಂತ ಬರೆದಿರುತ್ತಾರೆ. ಇವುಗಳಲ್ಲಿ ಬೂದಿ ನೂರಕ್ಕೆ 0.8 ಪಾಲು ಮೀರುವ ಹಾಗಿಲ್ಲ. ಗಮನಿಸಿ, ಇಲ್ಲಿಯ "ಸಿ" ಬೇರೆ, ಎಪಿಐ "ಸಿ" ಬೇರೆ. ಅಂಗಡಿಯವರು "ಎರಡೂ ಸಿ ನೇ ಬಿಡಣ್ಣ" ಅಂದರೆ ನಗಬೇಡಿ, ನನಗೂ ಹಾಗೇ ಅಂದಿದ್ದರು.

ಪೆಟ್ರೋಲ್, ಸಿಎನ್‌ಜಿ ಪಿಕಪ್ ತಗೊಂಡವರಿಗೆ ಈ ಭಾಗ ಸಲೀಸು. ಎಸ್ ಸಾಲಿನಲ್ಲಿ ಪುಸ್ತಕ ಹೇಳಿದ್ದು ಅಥವಾ ಅದಕ್ಕಿಂತ ಹೊಸದು ಹಾಕಿದರಾಯಿತು. ಎಸ್‌ಪಿ 2020ರಲ್ಲಿ ಬಂದ ದರ್ಜೆ, ಈಗ ಎಲ್ಲಾ ಕಡೆ ಸಿಗುತ್ತದೆ. ಸಿಎನ್‌ಜಿಗೆ ಬೇರೆ ಆಯಿಲ್ ಅಂತ ಪುಸ್ತಕ ಹೇಳಿದರೆ ಅದನ್ನೇ ಹಾಕಿ.

ಹೆಜ್ಜೆ 4: ಅಂಕಿ, ಮತ್ತು "ದಪ್ಪ ಆಯಿಲ್" ಅನ್ನುವ ಭ್ರಮೆ

ನಮ್ಮ ತಾತ ಎತ್ತಿನಗಾಡಿ ಗಾಲಿಗೆ ಕೀಲೆಣ್ಣೆ ಹಾಕುತ್ತಿದ್ದರು. ಹರಳೆಣ್ಣೆ, ಅದಕ್ಕೆ ಒಂದಿಷ್ಟು ಮಸಿ. ಹರಳೆಣ್ಣೆ ದಪ್ಪ, ಗಾಲಿಗೆ ಅಂಟಿಕೊಂಡು ನಿಲ್ಲುತ್ತದೆ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಕೂಡ ಬಂದದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ. 1909ರಲ್ಲಿ ಅವರು ಮಾರಿದ ಆಯಿಲಿಗೆ ಹರಳೆಣ್ಣೆ ಬೆರೆಸಿದ್ದರು. ಹಾಗಾಗಿ ದಪ್ಪ ಎಣ್ಣೆ ಒಳ್ಳೇ ಎಣ್ಣೆ ಅನ್ನುವುದು ನಮ್ಮ ತಲೆಯಲ್ಲಿ ಆಳವಾಗಿ ಕೂತಿದೆ. ಗಾಡಿ ಅಚ್ಚಿಗೆ ಅದು ಸರಿ. ಅಲ್ಲಿ ಬೆರಳು ತೂರುವಷ್ಟು ಸಂದು.

ಈಗಿನ ಎಂಜಿನ್ನಿನ ಬೇರಿಂಗ್ ಸಂದು ಕೂದಲೆಳೆಗಿಂತ ಸಣ್ಣದು. ಎಂಜಿನ್ನಿಗೆ ಜಾಸ್ತಿ ಗಾಳಿ ನೂಕುವ ಟರ್ಬೊ ಒಂದು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಅದು ತೇಲುವುದೇ ಆಯಿಲಿನ ಒಂದು ತೆಳುಪೊರೆಯ ಮೇಲೆ. ಅಲ್ಲಿಗೆ ಆಯಿಲ್ ಬೇಗ ತಲುಪಬೇಕು, ಬಿಸಿಯಾದ ಮೇಲೂ ಪೊರೆ ಹರಿಯಬಾರದು. ಈ ಎರಡಕ್ಕೆ ಎರಡು ಅಂಕಿ.

15ಡಬ್ಲ್ಯು-40 ತಗೊಳ್ಳಿ. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿದ್ದಾಗ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದಕ್ಕೆ. ಕಡಿಮೆ ಇದ್ದಷ್ಟೂ ಸುಲಭ. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಕಲ್ಲಾಗಿರುತ್ತದಲ್ವಾ, ಹಾಗೆ ಆಯಿಲೂ ಚಳಿಗೆ ಗಟ್ಟಿಯಾಗುತ್ತದೆ. ಆದರೆ 15ಡಬ್ಲ್ಯು ಆಯಿಲನ್ನು ಸ್ಟಾರ್ಟಿಂಗ್‌ಗೆ ಪರೀಕ್ಷೆ ಮಾಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. 5ಡಬ್ಲ್ಯು ಆದರೆ ಸೊನ್ನೆಗಿಂತ 30 ಕೆಳಗೆ. ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ ಎಂಥಾ ಚಳಿ ಬಿದ್ದರೂ ಸೊನ್ನೆಯ ಹತ್ತಿರ ಹೋಗುವುದಿಲ್ಲ. ಅಂದರೆ ನಮ್ಮ ಚಳಿಗೆ ಯಾವ ಡಬ್ಲ್ಯು ಆದರೂ ನಡೆಯುತ್ತದೆ. ಕಡಿಮೆ ಡಬ್ಲ್ಯು ಇದ್ದರೆ ಬೆಳಗಿನ ಜಾವ ಮೂರಕ್ಕೆ ಸೆಲ್ಫ್ ಹೊಡೆದಾಗ ಆಯಿಲ್ ಸ್ವಲ್ಪ ಬೇಗ ಮೇಲೆ ಏರುತ್ತದೆ, ಅಷ್ಟು ಲಾಭ ಇದ್ದೇ ಇದೆ.

ಕೊನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನುವುದಕ್ಕೆ. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ, 40 ಅಂದರೆ 12.5ರಿಂದ 16.3 ಒಳಗೆ. ಸೆಂಟಿಸ್ಟೋಕ್ಸ್ ಅಂದರೆ ದಪ್ಪ ಅಳೆಯುವ ಮಾನ, ಅಷ್ಟು ಸಾಕು. ನೋಡಿ, 30ರ ದಪ್ಪ ತುದಿಯೂ 40ರ ತೆಳು ತುದಿಯೂ ಒಂದೇ ಕಡೆ ಸೇರುತ್ತವೆ. 30 ಅಂದರೆ ನೀರು, 40 ಅಂದರೆ ಜೋನಿ ಬೆಲ್ಲ ಅಂತ ಏನಿಲ್ಲ.

"ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಬೇಕು" ಅನ್ನುವ ಮಾತು ನಾನು ತುಂಬಾ ಕೇಳಿದ್ದೇನೆ. ಹೊರಗೆ 28 ಇರಲಿ, 38 ಇರಲಿ, ಎಂಜಿನ್ನನ್ನು 90 ಡಿಗ್ರಿ ಆಸುಪಾಸಿನಲ್ಲಿ ನಿಲ್ಲಿಸುವುದಕ್ಕೇ ಥರ್ಮೋಸ್ಟಾಟ್, ರೇಡಿಯೇಟರ್, ಫ್ಯಾನ್ ಇರುವುದು. ಹೊರಗಿನ ಬಿಸಿಲಿಗಿಂತ ಲೋಡು, ಏರು ಇವೇ ಆಯಿಲನ್ನು ಜಾಸ್ತಿ ಕಾಯಿಸುತ್ತವೆ. ಪುಸ್ತಕ ಬರೆದವರಿಗೆ ಲೋಡ್ ಗಾಡಿ ಅಂತ ಗೊತ್ತಿಲ್ಲದೆ ಇರುತ್ತಾ? ಪಿಕಪ್ ಅಂತಲೇ ಮಾಡಿದ್ದಾರೆ. ಕೆಲವು ಪುಸ್ತಕಗಳಲ್ಲಿ ಹೊರಗಿನ ಬಿಸಿಗೆ ತಕ್ಕ ಹಾಗೆ ಎರಡು ಮೂರು ಅಂಕಿ ಕೊಟ್ಟು ಚಿತ್ರ ಬರೆದಿರುತ್ತಾರೆ. ಹಾಗಿದ್ದರೆ ನಮ್ಮ ಹವೆಗೆ ಹೊಂದುವುದನ್ನು ಆ ಚಿತ್ರದಿಂದಲೇ ಆರಿಸಿ. ಒಂದೇ ಅಂಕಿ ಕೊಟ್ಟಿದ್ದರೆ ಆ ಒಂದೇ.

ದಪ್ಪ ಹಾಕಿದರೆ ಏನಾಗುತ್ತದೆ? ತಕ್ಷಣ ಏನೂ ಆಗುವುದಿಲ್ಲ, ಅದೇ ತೊಂದರೆ. ಶಬ್ದ ಸ್ವಲ್ಪ ಕಡಿಮೆ ಅನಿಸುತ್ತದೆ, ಡ್ರೈವರ್ ಖುಷಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಟರ್ಬೊಗೆ ಆಯಿಲ್ ತಡವಾಗಿ ಹೋಗುತ್ತದೆ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಲೆಕ್ಕ ಇಡದವರಿಗೆ ಗೊತ್ತೇ ಆಗುವುದಿಲ್ಲ.

ಹೆಜ್ಜೆ 5: ಮಿನರಲ್, ಸೆಮಿ, ಸಿಂಥೆಟಿಕ್

ಮಿನರಲ್ ಅಂದರೆ ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದ ಆಯಿಲ್, ಸಿಂಥೆಟಿಕ್ ಅಂದರೆ ಕಾರ್ಖಾನೆಯಲ್ಲಿ ಇನ್ನೂ ಹೆಚ್ಚು ಸಂಸ್ಕರಿಸಿ ಮಾಡಿದ್ದು, ಸೆಮಿ ಅಂದರೆ ಎರಡರ ಬೆರಕೆ. ಮೇಲಿನ ಅಂಕಿ, ಅಕ್ಷರ ಎರಡೂ ಹೊಂದಿದರೆ ಈ ಪ್ರಶ್ನೆ ತಾನೇ ಬಗೆಹರಿಯುತ್ತದೆ. ಕಡಿಮೆ ಬೂದಿಯ 5ಡಬ್ಲ್ಯು-30 ಹುಡುಕಿದರೆ ಕೈಗೆ ಬರುವುದು ಸಿಂಥೆಟಿಕ್ಕೇ. 15ಡಬ್ಲ್ಯು-40 ಸಿಕೆ-4 ಆದರೆ ಮಿನರಲ್ಲೂ ಸಿಗುತ್ತದೆ. ಸಿಂಥೆಟಿಕ್ ಹಾಕಿದ್ದೀನಿ ಅಂತ ಪುಸ್ತಕದ ಕಿಲೋಮೀಟರ್ ಮೀರಿ ಎಳೆಯಬೇಡಿ.

ಬೆಲೆ ಕಂಡು ಬೆಚ್ಚುವವರಿಗೆ ಒಂದು ಲೆಕ್ಕ. ಲೀಟರಿಗೆ 200 ರೂಪಾಯಿ ಜಾಸ್ತಿ, 6 ಲೀಟರ್ ಅಂತ ಇಟ್ಟುಕೊಳ್ಳಿ. 1,200 ರೂಪಾಯಿ ಆಯಿತು. 10,000 ಕಿಲೋಮೀಟರ್ ಓಡಿಸಿದರೆ ಕಿಲೋಮೀಟರಿಗೆ 12 ಪೈಸೆ. ಮಂಡಿಯಲ್ಲಿ ಒಂದಷ್ಟು ಬಾಕ್ಸ್ ಹಣ್ಣು ಜಜ್ಜಿ ಹೋದರೆ ಅದಕ್ಕಿಂತ ಜಾಸ್ತಿ ನಷ್ಟ ನಗುನಗುತ್ತಾ ಬಿಡುತ್ತೇವೆ.

ಹೆಜ್ಜೆ 6: ನಿಮ್ಮ ಓಡಾಟ ಎಂಥದ್ದು ಅಂತ ನಿಜ ಹೇಳಿ

ಆಯಿಲ್ ಯಾವುದು ಅನ್ನುವುದನ್ನು ಪುಸ್ತಕ ಹೇಳಿತು. ಎಷ್ಟು ದಿನಕ್ಕೆ ಅನ್ನುವುದನ್ನು ಮಾತ್ರ ನಿಮ್ಮ ಓಡಾಟ ಹೇಳಬೇಕು. ಬಿಎಸ್6 ಗಾಡಿಗಳಲ್ಲಿ 10,000 ಕಿಲೋಮೀಟರ್, ಕೆಲವಕ್ಕೆ ಅದಕ್ಕೂ ಜಾಸ್ತಿ ಬರೆದಿರುತ್ತಾರೆ. ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ "ಕಠಿಣ ಬಳಕೆ" ಅಂತ ಇನ್ನೊಂದು ಪಟ್ಟಿ ಇರುತ್ತದೆ. ಧೂಳು, ಭಾರ, ಸಣ್ಣ ಸಣ್ಣ ಓಡಾಟ, ಎಂಜಿನ್ ಆನ್ ಇಟ್ಟು ನಿಲ್ಲಿಸುವುದು. ಓದಿದಾಗ ನನಗೆ ನಮ್ಮ ಜಿಲ್ಲೆಯ ಬಗ್ಗೆಯೇ ಬರೆದಿದ್ದಾರೆ ಅನಿಸಿತು.

ವೇಮಗಲ್ ಕಡೆ ತೋಟದಿಂದ ಮಂಡಿಗೆ ಹಣ್ಣು ತರುವ ಗಾಡಿ ಯೋಚಿಸಿ. ತೋಟದೊಳಗೆ ಮಣ್ಣು ದಾರಿ, ಹತ್ತಿಪ್ಪತ್ತು ಕಿಲೋಮೀಟರ್ ಓಟ, ಆಮೇಲೆ ಮಂಡಿ ಕ್ಯೂನಲ್ಲಿ ಮುಂದೆ ಅರ್ಧ ಅಡಿ, ಮತ್ತೆ ನಿಲುಗಡೆ. ಮೀಟರಿನಲ್ಲಿ ಕಿಲೋಮೀಟರ್ ಏರುವುದೇ ಇಲ್ಲ, ಎಂಜಿನ್ ಮಾತ್ರ ಗಂಟೆಗಟ್ಟಲೆ ದುಡಿದಿರುತ್ತದೆ. ಕಲ್ಲು ಕ್ವಾರಿ, ಕ್ರಷರ್ ಕಡೆ ಓಡುವ ಗಾಡಿಗಳ ಪಾಡು ಇನ್ನೂ ಕಷ್ಟ. ಅಂಥವರು ಕಠಿಣ ಬಳಕೆ ಪಟ್ಟಿಯ ಕಿಲೋಮೀಟರಿಗೇ ಬದಲಾಯಿಸಿ, ಏರ್ ಫಿಲ್ಟರನ್ನೂ ಅದಕ್ಕಿಂತ ಬೇಗ ತೆಗೆದು ನೋಡಿ. ಫಿಲ್ಟರ್ ದಾಟಿ ಬಂದ ಧೂಳು ಆಯಿಲಿಗೆ ಸೇರಿದರೆ ಅದು ಎಣ್ಣೆಯಲ್ಲ, ಉಜ್ಜುಕಾಗದ.

ನನ್ನ ತಪ್ಪು ಇಲ್ಲಿತ್ತು. ರೀಜನ್ ನಡೆಯಬೇಕಾದರೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ನಾನು ಮನೆ ಹತ್ತಿರ ಬಂದ ತಕ್ಷಣ ಕೀ ತಿರುಗಿಸಿಬಿಡುತ್ತಿದ್ದೆ. ಅರ್ಧಕ್ಕೆ ನಿಂತ ರೀಜನ್ ಇನ್ನೊಂದು ತೊಂದರೆ ಮಾಡುತ್ತದೆ. ಜರಡಿ ಕಾಯಿಸಲು ಬಿಟ್ಟ ಜಾಸ್ತಿ ಡೀಸೆಲ್‌ನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ, ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಮಟ್ಟ ಏರುತ್ತದೆ. "ನಮ್ಮ ಗಾಡಿ ಆಯಿಲ್ ಕುಡಿಯೋದೇ ಇಲ್ಲ, ಜಾಸ್ತಿ ಆಗುತ್ತೆ" ಅಂತ ಹೆಮ್ಮೆಯಿಂದ ಹೇಳುವವರನ್ನು ನೋಡಿದ್ದೇನೆ. ಪಾಪ, ಅದು ಡೀಸೆಲ್ಲು. ಈಗ ನಾನು ವಾರಕ್ಕೊಂದು ಸಲವಾದರೂ ಹೈವೇ ಹತ್ತಿ ಅರ್ಧ ಗಂಟೆ ನಿಲ್ಲಿಸದೆ ಓಡಿಸುತ್ತೇನೆ. ಮುಳಬಾಗಿಲು ಕಡೆ ಬಾಡಿಗೆ ಸಿಕ್ಕರೆ ಅದೇ ಔಷಧ.

ಹೆಜ್ಜೆ 7: ಕೊಳ್ಳುವಾಗ

ಸರ್ವೋ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಶೆಲ್, ಗಲ್ಫ್, ವಾಲ್ವೊಲಿನ್ ಅಥವಾ ಗಾಡಿ ಕಂಪನಿಯದೇ ಡಬ್ಬ, ಯಾವುದಾದರೂ ಸರಿ. ಬ್ರ್ಯಾಂಡಿಗಾಗಿ ಜಗಳ ಆಡಬೇಡಿ. ಒಂದೇ ಬ್ರ್ಯಾಂಡಿನಲ್ಲಿ ಹತ್ತು ಥರದ ಡಬ್ಬ ಇರುತ್ತದೆ, ಬಣ್ಣವೂ ಒಂದೇ ಇರಬಹುದು. ಮುಂದಿನ ಚಿತ್ರ ಬಿಟ್ಟು ಹಿಂದಿನ ಲೇಬಲ್ ಓದಿ. ಪುಸ್ತಕದ ಫೋಟೊ ಪಕ್ಕಕ್ಕೆ ಹಿಡಿದು ಅಕ್ಷರಕ್ಕೆ ಅಕ್ಷರ ಹೋಲಿಸಿ.

ನಕಲಿ ಆಯಿಲ್ ಇದೆ. ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ ನೋಡಿ ಕಂಡುಹಿಡಿಯುತ್ತೇನೆ ಅನ್ನುವುದು ಸುಳ್ಳು ಧೈರ್ಯ. ಬಂಕ್ ಅಥವಾ ಡೀಲರ್ ಹತ್ತಿರ ಕೊಳ್ಳಿ. ಮುಚ್ಚಳದ ಉಂಗುರ, ಒಳಗಿನ ಸೀಲು ಮುರಿದಿಲ್ಲದಿರಲಿ. ಬ್ಯಾಚ್ ನಂಬರ್, ತಯಾರಾದ ತಾರೀಕು ಇರಲಿ. ಸ್ಕ್ಯಾನ್ ಮಾಡುವ ಗುರುತು ಇದ್ದರೆ ಸ್ಕ್ಯಾನ್ ಮಾಡಿ. ಜಿಎಸ್‌ಟಿ ಬಿಲ್ ಕೇಳಿ. ಲೂಸ್ ಆಯಿಲ್ ಹೊಸ ಗಾಡಿಗೆ ಬೇಡವೇ ಬೇಡ.

ಗ್ಯಾರೇಜಿನಲ್ಲಿ ಹಾಕಿಸುವುದಾದರೆ ಆಯಿಲ್, ಫಿಲ್ಟರ್ ಎರಡನ್ನೂ ನೀವೇ ತಗೊಂಡು ಹೋಗಿ, ಸೀಲು ನಿಮ್ಮೆದುರು ಒಡೆಯಲಿ. ಖಾಲಿ ಡಬ್ಬವನ್ನು ಚಾಕುವಿನಲ್ಲಿ ಸೀಳಿ, ಲೇಬಲ್ ಕಿತ್ತು ಗುಜರಿಗೆ ಹಾಕಿ. ನಕಲಿ ಮಾಡುವವರಿಗೆ ಬೇಕಾಗಿರುವುದು ಆ ಚೆಂದದ ಡಬ್ಬವೇ.

ಎಂಜಿನ್ನಿಗೆ ಶಕ್ತಿ ಕೊಡುವ ಸಣ್ಣ ಬಾಟಲಿ ಔಷಧಗಳನ್ನು ಕೌಂಟರಿನಲ್ಲಿ ಜೋಡಿಸಿಟ್ಟಿರುತ್ತಾರೆ. ಬೇಡ.

ಇನ್ನೊಂದು, ಆಯಿಲ್ ವಿಷಯ ಅಲ್ಲ, ಆದರೂ ಹೇಳಿಬಿಡುತ್ತೇನೆ. ಆಡ್‌ಬ್ಲೂ ಅನ್ನುವ ಹೊಗೆ ಶುದ್ಧ ಮಾಡುವ ದ್ರವ ಕೇಳುವ ಗಾಡಿ ಆದರೆ ಹೊಲಕ್ಕೆ ತಂದ ಯೂರಿಯಾ ಕಲಸಿ ಹಾಕುವ ಐಡಿಯಾ ಯಾರಾದರೂ ಕೊಟ್ಟೇ ಕೊಡುತ್ತಾರೆ. ಆಡ್‌ಬ್ಲೂ ಅಂದರೆ ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಹೊಲದ ಯೂರಿಯಾಗೆ ಬೇವಿನೆಣ್ಣೆ ಸವರಿರುತ್ತಾರೆ, ನಮ್ಮ ಬೋರ್‌ವೆಲ್ ನೀರಿನ ಗಡಸು ಗೊತ್ತೇ ಇದೆ. ಆ ಸಾಹಸ ಮಾಡಬೇಡಿ.

ಹೆಜ್ಜೆ 8: ಹಾಕುವುದು, ಅಳೆಯುವುದು

ವಾರಂಟಿ ಇರುವ ತನಕ ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ ಅಂತ ನನ್ನ ಸಲಹೆ. ಫ್ರೀ ಸರ್ವೀಸ್ ಅಂದರೆ ಕೂಲಿ ಫ್ರೀ, ಆಯಿಲ್, ಫಿಲ್ಟರಿಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕು. ಬಿಲ್ಲಿನಲ್ಲಿ ಯಾವ ಆಯಿಲ್ ಅಂತ ಪೂರ್ತಿ ಹೆಸರು ಬರೆಸಿ. ಕೆಲವು ಗಾಡಿಗಳಲ್ಲಿ ಆಯಿಲ್ ಬದಲಾಯಿಸಿದ್ದನ್ನು ಕಂಪ್ಯೂಟರಿಗೂ ತಿಳಿಸಬೇಕು, ಇಲ್ಲದಿದ್ದರೆ ಹೊಸ ಆಯಿಲ್ ಇದ್ದರೂ ದೀಪ ಉರಿಯುತ್ತದೆ.

ನೀವೇ ಮಾಡುವವರಾದರೆ ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಎಂಜಿನ್ ಉಗುರುಬೆಚ್ಚಗಿರುವಾಗ ಇಳಿಸಿ, ಕುದಿಯುವಾಗ ಬೇಡ. ಡ್ರೇನ್ ಬೋಲ್ಟಿನ ವಾಷರ್ ಹೊಸದು ಹಾಕಿ. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಸವರಿ, ಫಿಲ್ಟರಿನ ಮೇಲೆ ಬರೆದಷ್ಟೇ ಬಿಗಿ ಮಾಡಿ. ಪುಸ್ತಕದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಸುರಿದು, ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ಅಳೆಯುವ ಕಡ್ಡಿ ನೋಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗೆರೆ ದಾಟಬಾರದು. ಜಾಸ್ತಿ ಹಾಕಿದರೆ ಎಂಜಿನ್ನಿಗೆ ಒಳ್ಳೇದು ಅನ್ನುವುದು ಮಜ್ಜಿಗೆ ಕಡೆದ ಹಾಗೆ ಆಯಿಲನ್ನು ನೊರೆ ಮಾಡುವ ದಾರಿ.

ವಾರಕ್ಕೊಮ್ಮೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕಡ್ಡಿ ಎಳೆದು ನೋಡಿ. ಹೊಸ ಎಂಜಿನ್ ಮೊದಮೊದಲು ಸ್ವಲ್ಪ ಆಯಿಲ್ ತಿನ್ನಬಹುದು. ಬಣ್ಣ ಕಪ್ಪಾಗಿದ್ದರೆ ಹೆದರಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಮಸಿಯನ್ನು ಹಿಡಿದಿಟ್ಟುಕೊಂಡು ತೇಲಿಸುವುದೇ ಅದರ ಕೆಲಸ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ, ಇಲ್ಲವೇ ಹಾಲು ಬೆರೆಸಿದ ಕಾಫಿ ಬಣ್ಣ ಬಂದರೆ ಮಾತ್ರ ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಎರಡನೆಯದು ನೀರು ಸೇರಿದ ಗುರುತು.

ಇಳಿಸಿದ ಹಳೇ ಆಯಿಲನ್ನು ಬೇಲಿ ಕಂಬಕ್ಕೆ, ಗೆದ್ದಲಿಗೆ ಅಂತ ಊರಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಕೊಡಬೇಡಿ, ಚರಂಡಿಗೂ ಸುರಿಯಬೇಡಿ. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು, ಸಾವಿರ ಅಡಿ ಕೊರೆದು ನೀರು ಹುಡುಕುತ್ತೇವೆ. ಹಳೇ ಕ್ಯಾನಿಗೆ ತುಂಬಿ ಮುಚ್ಚಿ, ಹಳೇ ಆಯಿಲ್ ಕೂಡಿಟ್ಟು ಮರುಬಳಕೆಗೆ ಕೊಡುವ ಸರ್ವೀಸ್ ಸೆಂಟರಿಗೆ ತಲುಪಿಸಿ.

ಎಲ್ಲಾ ಮುಗಿದ ಮೇಲೆ ಒಂದು ಚೀಟಿಯಲ್ಲಿ ಆಯಿಲಿನ ಅಂಕಿ, ದರ್ಜೆ, ಎಷ್ಟು ಲೀಟರ್, ಇವತ್ತಿನ ಕಿಲೋಮೀಟರ್, ತಾರೀಕು ಬರೆದು ಡ್ರೈವರ್ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ನಾಳೆ ಗಾಡಿ ನಿಮ್ಮ ತಮ್ಮ ಓಡಿಸುತ್ತಿರಬಹುದು, ಕೆಟ್ಟು ನಿಂತದ್ದು ಪಲಮನೇರಿನಲ್ಲಿ ಆಗಿರಬಹುದು, ಅಲ್ಲಿಯ ಮೆಕ್ಯಾನಿಕ್ ತೆಲುಗಿನಲ್ಲಿ ಕೇಳಬಹುದು. ಚೀಟಿ ತೋರಿಸಿದರೆ ಸಾಕು. ನನ್ನದು ಕೋಲಾರಮ್ಮನ ಫೋಟೊ ಕೆಳಗೆ ಅಂಟಿದೆ: 5ಡಬ್ಲ್ಯು-30, ಎಸಿಇಎ ಸಿ3.